ಅಪ್ಪ ಕೇಳಿದ ದನಿ

2020ರ ಜನವರಿಯಲ್ಲಿ ನಮ್ಮ ರಾಜ್ಯದ ವನ್ಯಜೀವಿಗಳ ಕುರಿತ ಸಾಕ್ಷ್ಯಚಿತ್ರ ‘ವೈಲ್ಡ್ ಕರ್ನಾಟಕ’ ಚಿತ್ರಮಂದಿರಗಳಿಗೆ ಬಂದಾಗ, ಸಕಲೇಶಪುರದ ಕಡೆಯ ನಮ್ಮ ಊರಿನಿಂದ ಬೆಂಗಳೂರಿಗೆ ಬಂದಿದ್ದ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ನಿರೂಪಕರ ದನಿ ಆಗಾಗ ಸುಮ್ಮನಾಗಿ ಕಾಡಿನ ಸದ್ದಿಗೆ ಜಾಗ ಬಿಡುವುದನ್ನು ಗಮನಿಸಿ, ‘ಯಾರೋ ಇವರು? ಎಲ್ಲಿ ಮಾತು ನಿಲ್ಲಿಸಬೇಕು ಅಂತ ಗೊತ್ತಿದೆ’ ಎಂದು ಕಿವಿಯಲ್ಲಿ ಹೇಳಿದರು.

ಅದು ವನ್ಯಜೀವಿ ಸಾಕ್ಷ್ಯಚಿತ್ರಗಳಿಗೆ ಹೆಸರಾದ ಬ್ರಿಟಿಷ್ ನಿರೂಪಕ ಡೇವಿಡ್ ಅಟೆನ್‌ಬರೋ ಅವರ ದನಿ; ಆಗ ಅವರಿಗೆ 93 ವರ್ಷ. ಮನೆಗೆ ಮರಳುವಾಗ ಬಸ್ಸಿನಲ್ಲಿ ಅವರ ಕಥೆ ಹೇಳಿದೆ. 1952ರಲ್ಲಿ ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿ ಸೇರಿದ ಅವರ ಹಲ್ಲುಗಳು ತೀರ ದೊಡ್ಡವೆಂದು ಮೇಲಧಿಕಾರಿ ಕ್ಯಾಮೆರಾದಿಂದ ದೂರವಿಟ್ಟಿದ್ದರು. 1954ರ ‘ಜೂ ಕ್ವೆಸ್ಟ್’ ಸರಣಿಯನ್ನು ನಡೆಸಿಕೊಡಬೇಕಿದ್ದ ಲಂಡನ್ ಮೃಗಾಲಯದ ಜ್ಯಾಕ್ ಲೆಸ್ಟರ್ ಕಾಯಿಲೆ ಬಿದ್ದದ್ದರಿಂದ ಇವರು ತೆರೆಗೆ ಬಂದರು. ಆ ಸರಣಿಯಲ್ಲಿ ಮೃಗಾಲಯಕ್ಕಾಗಿ ಪ್ರಾಣಿಗಳನ್ನು ಹಿಡಿದು ತರುತ್ತಿದ್ದರೆಂದಾಗ ಅಪ್ಪ ಮುಖ ಸಿಂಡರಿಸಿದರು.

ಅಪ್ಪನನ್ನು ನಿಜಕ್ಕೂ ಹಿಡಿದಿಟ್ಟದ್ದು ಮುಂದಿನ ಭಾಗ. 1965ರಲ್ಲಿ ಬಿಬಿಸಿ 2 ವಾಹಿನಿಯ ಮುಖ್ಯಸ್ಥರಾಗಿ, 1967ರಲ್ಲಿ ಬ್ರಿಟನ್ನಿನ ದೂರದರ್ಶನಕ್ಕೆ ಬಣ್ಣ ತಂದು, ಇನ್ನೂ ಮೇಲಿನ ಹುದ್ದೆಗೇರಿದ್ದ ಮನುಷ್ಯ, 1970ರ ದಶಕದ ಆರಂಭದಲ್ಲಿ ಅದನ್ನೆಲ್ಲ ಬಿಟ್ಟು ಮತ್ತೆ ಕಾಡಿಗೆ ಹೊರಟರೆಂದು ಹೇಳಿದಾಗ, ‘ಪಿಂಚಣಿ ಸಿಕ್ಕಿತಾ?’ ಎಂದು ಕೇಳಿದರು. ಆ ನಿರ್ಧಾರದಿಂದಲೇ 1979ರಲ್ಲಿ ಜೀವವಿಕಾಸದ ಕಥೆ ಹೇಳುವ ಹದಿಮೂರು ಕಂತುಗಳ ‘ಲೈಫ್ ಆನ್ ಅರ್ತ್’ ಬಂತು. ಅದಕ್ಕಾಗಿ ರುವಾಂಡಾದ ಬೆಟ್ಟದಲ್ಲಿ ಗೊರಿಲ್ಲಾಗಳ ನಡುವೆ ಕುಳಿತು ಹೆಬ್ಬೆರಳಿನ ಬಗ್ಗೆ ಪಾಠದಂಥ ಮಾತು ಹೇಳಬೇಕೆಂದು ಸಿದ್ಧರಾಗಿದ್ದ ಅವರು, ಆ ಪ್ರಾಣಿಗಳು ಮಾರು ದೂರದಲ್ಲಿರುವಾಗ ಅದನ್ನೆಲ್ಲ ಕೈಬಿಟ್ಟು ಮನಸ್ಸಿಗೆ ಬಂದದ್ದನ್ನು ಪಿಸುದನಿಯಲ್ಲಿ ಆಡಿದರು. ಮರಿಗಳು ಅವರ ಬೂಟಿನ ಲಾಡಿ ಬಿಚ್ಚಲು ನೋಡಿದವು. ನನ್ನ ಮಟ್ಟಿಗೆ ಇಡೀ ವೃತ್ತಿಜೀವನದ ಸತ್ವ ಇಲ್ಲಿದೆ.

‘ಎಲ್ಲ ಸರಿ, ಆದರೆ ಆನೆ ತುಳಿದ ಗದ್ದೆ ಒಂದೂ ಕಾಣಲಿಲ್ಲವಲ್ಲ’ ಎಂದರು ಅಪ್ಪ. ಮನುಷ್ಯ ಮತ್ತು ಪ್ರಕೃತಿಯ ಸಂಘರ್ಷ ತೆರೆಯ ಮೇಲೆ ಕಾಣುವುದಿಲ್ಲವೆಂಬ ಆ ಆಕ್ಷೇಪ ಅಟೆನ್‌ಬರೋ ಅವರ ಬಹುಪಾಲು ಕೆಲಸಕ್ಕೂ ಅನ್ವಯಿಸುತ್ತದೆಂದು ಒಪ್ಪಿಕೊಂಡೆ. ಸಮುದ್ರದ ಪ್ಲಾಸ್ಟಿಕ್ ಕುರಿತು 2017ರ ‘ಬ್ಲೂ ಪ್ಲಾನೆಟ್ 2’ರಲ್ಲಿ ಆಡಿದಂಥ ನೇರ ಮಾತು ಅವರ ಹಳೆಯ ಸರಣಿಗಳಲ್ಲಿ ಅಪರೂಪ.

ಮರುವರ್ಷ ‘ವೈಲ್ಡ್ ಕರ್ನಾಟಕ’ದ ನಿರೂಪಣೆಗೆ ರಾಷ್ಟ್ರಪ್ರಶಸ್ತಿ ಘೋಷಣೆಯಾದಾಗ ಅಪ್ಪನಿಗೆ ಫೋನ್ ಮಾಡಿದೆ. ‘ಕೊಡಬೇಕಾದ್ದೇ’ ಎಂದವರು, ಹಿಂದಿನ ರಾತ್ರಿ ಆನೆಗಳು ಬಾಳೆ ಮುರಿದು ಹಾಕಿದ್ದನ್ನು ವಿವರಿಸತೊಡಗಿದರು.