ಊಟವಾದ ಮೇಲೆ ಎದೆ ಡವಡವ: ಗ್ಯಾಸೋ, ಟೆನ್ಷನ್ನೋ?

ಉಂಡ ಮೇಲೆ ಹೊಟ್ಟೆಯುಬ್ಬರ, ಎದೆಬಡಿತ, ಬೆವರು, ಏನೋ ಆಗಿಬಿಡುತ್ತದೆಂಬ ದಿಗಿಲು. ಇದಕ್ಕೆ ಕಾರಣ ಏನಿರಬಹುದು ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಒಂದೇ: ತಿಂದು ಎಷ್ಟು ಹೊತ್ತಿಗೆ ಶುರುವಾಗುತ್ತದೆ? ಏನು ತಿಂದಿರಿ ಅನ್ನುವುದು ಆಮೇಲಿನ ಮಾತು.

ಎರಡರಿಂದ ನಾಲ್ಕು ಗಂಟೆ ಕಳೆದ ಮೇಲೆ ಕೈನಡುಕ, ಬೆವರು, ಹಸಿವು ಬಂದರೆ ರಕ್ತದ ಸಕ್ಕರೆ ಇಳಿದಿರಬಹುದು. ಸಿಹಿ, ಪಿಷ್ಟ ಹೆಚ್ಚಿದ್ದ ಊಟಕ್ಕೆ ಇನ್ಸುಲಿನ್ ಅತಿಯಾಗಿ ಹರಿದರೆ ಗ್ಲೂಕೋಸ್ ಕುಸಿಯುತ್ತದೆ. ಅದನ್ನು ಮೇಲೆತ್ತಲು ದೇಹ ಎದೆಬಡಿತ, ನಡುಕ ತರುವ ಅಡ್ರಿನಲಿನ್ ಹಾರ್ಮೋನನ್ನು ಬಿಡುತ್ತದೆ. ಪ್ಯಾನಿಕ್ ಆದಾಗ ಏರುವುದೂ ಅದೇ ಅಡ್ರಿನಲಿನ್. ಹಾಗಾಗಿ ಬರೀ ಅನುಭವದಿಂದ ಎರಡನ್ನೂ ಬೇರ್ಪಡಿಸಲಾಗದು, ಗ್ಲೂಕೋಮೀಟರ್ ಬೇಕು. ಲಕ್ಷಣ ಇರುವಾಗಲೇ, ಬಾಯಿಗೆ ಏನೂ ಹಾಕುವ ಮೊದಲು, ಕೈ ತೊಳೆದು ಒರೆಸಿಕೊಂಡು ಬೆರಳು ಚುಚ್ಚಿ. (ಬೆರಳಿಗಂಟಿದ ಹಣ್ಣಿನ ರಸವೂ ಅಂಕಿ ಏರಿಸುತ್ತದೆ.) ಅಂಕಿ 55ಕ್ಕಿಂತ (mg/dL ಲೆಕ್ಕದಲ್ಲಿ) ಕೆಳಗಿದ್ದು, ಸಕ್ಕರೆ ತಿಂದು ಅಂಕಿ ಏರುತ್ತಲೇ ನಡುಕ ನಿಂತರೆ ಅನುಮಾನ ಗಟ್ಟಿ, ಆಗ ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಬೇಕು. 90 ಇದ್ದರೆ ಸಕ್ಕರೆಯನ್ನು ದೂರಬೇಡಿ. ಮಧುಮೇಹದ ಔಷಧಿ ತೆಗೆದುಕೊಳ್ಳುವವರು ಮಾತ್ರ 70ಕ್ಕಿಂತ ಇಳಿದ ಕೂಡಲೇ ಸಕ್ಕರೆ ತಿನ್ನಬೇಕು. ಗ್ಲೂಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆ ಇಲ್ಲಿ ದಾರಿ ತಪ್ಪಿಸುತ್ತದೆ, ಆರೋಗ್ಯವಂತರಲ್ಲೂ ಕೆಲವರಿಗೆ ಅದರಲ್ಲಿ ಅಂಕಿ ಕುಸಿಯುವುದುಂಟು.

ಅರ್ಧ ಗಂಟೆಯೊಳಗೇ ಶುರುವಾದರೆ ಕಥೆ ಬೇರೆ. ಜಠರದ ಶಸ್ತ್ರಚಿಕಿತ್ಸೆ ಆಗಿದ್ದವರಲ್ಲಿ ಆಹಾರ ಒಮ್ಮೆಲೇ ಕರುಳಿಗೆ ಇಳಿದು ಎದೆಬಡಿತ, ಭೇದಿ ಬರುತ್ತದೆ: ಡಂಪಿಂಗ್ ಸಿಂಡ್ರೋಮ್. ವಯಸ್ಸಾದವರಿಗೆ ತಲೆಸುತ್ತಿದರೆ ಉಂಡ ಮೇಲೆ ಬಿಪಿ ಇಳಿಯುತ್ತಿರಬಹುದು, ಊಟಕ್ಕೆ ಮುಂಚೆ, ಆಮೇಲೆ ಎರಡು ಗಂಟೆಯವರೆಗೆ ಅರ್ಧ ಗಂಟೆಗೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಇಳಿದರೆ ವೈದ್ಯರಿಗೆ ತಿಳಿಸಿ. ಇನ್ನು, ಭಾರಿ ಊಟದ ನಂತರ ಹೃದಯ ತುಸು ವೇಗವಾಗುವುದು ಸಹಜವೇ. ಆತಂಕದ ಸ್ವಭಾವದವರ ಕಿವಿಗೆ ಅದು ಜೋರಾಗಿ ಕೇಳಿಸುತ್ತದೆ, ಕೇಳಿಸಿದಷ್ಟೂ ಏರುತ್ತದೆ.

ಉಬ್ಬರ, ಭೇದಿಯೇ ಮುಖ್ಯವಾದರೆ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಒಗ್ಗದಿರುವುದು, ಐಬಿಎಸ್ (ಕರುಳು ಕೆರಳುವ ತೊಂದರೆ), ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗುವ ಕಾಯಿಲೆ) ನೋಡಬೇಕು. ಸೀಲಿಯಾಕ್ ರಕ್ತಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ವರದಿ ನಾರ್ಮಲ್ ಬರಬಹುದು. ಊಟಕ್ಕೆ ಸಂಬಂಧವಿಲ್ಲದ ಹೊತ್ತಿನಲ್ಲೂ ನಡುಕ, ಎದೆಬಡಿತ ಇದ್ದರೆ ಥೈರಾಯ್ಡ್ ತೊಂದರೆ ತಿಳಿಯಲು ಟಿಎಸ್‌ಎಚ್, ರಕ್ತಹೀನತೆ ತಿಳಿಯಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ತಿಂದ ಕೆಲವೇ ನಿಮಿಷಗಳಲ್ಲಿ ತುಟಿ ಊದುವುದು, ಮೈತುಂಬ ದದ್ದು, ಉಸಿರು ಕಟ್ಟುವುದು ಅಲರ್ಜಿಯ ತುರ್ತು. ಎದೆಯ ಒತ್ತಡ ದವಡೆಗೋ ತೋಳಿಗೋ ಹರಡಿದರೂ ಗ್ಯಾಸಿನ ಮಾತ್ರೆ ನುಂಗಿ ಕಾಯದೆ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ನೋವಿಗೆ ಹೆದರಿ ಊಟವನ್ನೇ ಬಿಡುವುದು, ಇವುಗಳಲ್ಲಿ ಯಾವುದಿದ್ದರೂ ಅದೇ ವಾರ ವೈದ್ಯರನ್ನು ಕಾಣಬೇಕು.