ಅಜ್ಜಿ ಮನೆಯ ತೂತು ಕಲ್ಲು

ಹೋದ ಭಾನುವಾರ ಮಗಳು ಆಡಿದ ಒಂದು ಮಾತು ಇನ್ನೂ ತಲೆಯಲ್ಲಿ ಕೂತಿದೆ.

ಪಕ್ಕದ ಮನೆಯ ತಾತ ನಮ್ಮನ್ನು ನ್ಯೋರ್ಡ್ಲಿಂಗನ್‌ಗೆ ಕರೆದುಕೊಂಡು ಹೋಗಿದ್ದರು. ಜರ್ಮನಿಯ ಬವೇರಿಯಾದ ಪುಟ್ಟ ಊರು. ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ಆಕಾಶದಿಂದ ಬಿದ್ದ ಬಂಡೆಯೊಂದು 25 ಕಿಲೋಮೀಟರ್ ಅಗಲದ ಗುಂಡಿ ಮಾಡಿತಂತೆ, ಊರು ಇರುವುದೇ ಆ ಗುಂಡಿಯೊಳಗೆ. ಅಲ್ಲಿನ ಮ್ಯೂಸಿಯಂನಲ್ಲಿ ಉಲ್ಕೆಯ ತುಂಡುಗಳಿವೆ, ಅಪೋಲೋ 16ರವರು ಚಂದ್ರನಿಂದ ತಂದ ಕಲ್ಲೂ ಇದೆ. ತಾತನಿಗೆ ಮಾತ್ರ ಸ್ಯೂವೈಟ್ ಮೇಲೇ ಪ್ರೀತಿ ಜಾಸ್ತಿ. ಬಂಡೆ ಬಿದ್ದ ಏಟಿಗೆ ಕರಗಿ, ಚೂರಾಗಿ, ಮತ್ತೆ ಅಂಟಿಕೊಂಡ ಬೂದು ಕಲ್ಲು ಅದು. ಊರಿನ ಚರ್ಚ್ ಗೋಪುರ ಕಟ್ಟಿರುವುದು ಅದರಲ್ಲೇ. ಬಹಳ ಕಾಲ ಜನ ಅದನ್ನು ಜ್ವಾಲಾಮುಖಿಯ ಕಲ್ಲು ಅಂದುಕೊಂಡಿದ್ದರು, 1960ರಲ್ಲಿ ಶೂಮೇಕರ್ ಮತ್ತು ಚಾವೊ ಎಂಬ ಭೂವಿಜ್ಞಾನಿಗಳು ನಿಜ ತೋರಿಸಿದರು.

'ನಿಮ್ಮೂರಲ್ಲಿ ಮನೆ ಯಾವ ಕಲ್ಲಲ್ಲಿ ಕಟ್ಟುತ್ತಾರೆ?' ಅಂತ ತಾತ ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಏಳು ವರ್ಷದ ಮಗಳು, 'ಅಜ್ಜಿ ಮನೆ ಕಲ್ಲಲ್ಲಿ ತೂತು ತೂತು ಇದೆ, ಒಳಗೆ ಇರುವೆ ಇರುತ್ತೆ' ಅಂದಳು. ತಾತ ನಗಲಿಲ್ಲ. ಅವಳ ಎತ್ತರಕ್ಕೆ ಬಗ್ಗಿ, ಬಣ್ಣ ಯಾವುದು, ತೂತಿಗೆ ಬೆರಳು ಹೋಗುತ್ತಾ ಅಂತ ವಿಚಾರಿಸಿದರು.

ನಮ್ಮ ಜಂಬಿಟ್ಟಿಗೆ! ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ನಾನು ಹೇಳಬೇಕಾ? ಮಳೆ ಲಕ್ಷಾಂತರ ವರ್ಷ ಸುರಿದು ಸುರಿದು ಬಂಡೆಯೊಳಗಿನದ್ದನ್ನೆಲ್ಲ ತೊಳೆದು, ಕಬ್ಬಿಣವನ್ನೂ ಅಲ್ಯೂಮಿನಿಯಂ ಅನ್ನೂ ಉಳಿಸಿದ ಕಲ್ಲು. ಅದಕ್ಕೇ ಆ ಕೆಂಪು. ನೆಲದಿಂದ ಕಡಿಯುವಾಗ ಮೆತ್ತಗಿರುತ್ತೆ, ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತೆ. ಅವರ ಕಲ್ಲು ಒಂದೇ ಏಟಿಗೆ ಆಗಿದ್ದು, ನಮ್ಮದು ಮಳೆ ನಿಧಾನವಾಗಿ ಮಾಡಿದ್ದು. ಚಿಕ್ಕವನಿದ್ದಾಗ ಜಗಲಿಯಲ್ಲಿ ಕೂತು ಆ ತೂತಿಗೆ ಕಡ್ಡಿ ಹಾಕಿ ಮಣ್ಣು ಕೆದಕುತ್ತಿದ್ದೆ. ಮಳೆಗಾಲದಲ್ಲಿ ಒಳಗೆ ಹಸಿರು ಪಾಚಿ, ಕೈಗೆ ತಣ್ಣಗೆ.

ಅದನ್ನೆಲ್ಲ ತಾತನಿಗೆ ಹೇಳುತ್ತಾ ಹೇಳುತ್ತಾ ನನ್ನ ಮಾತು ನಿಂತುಹೋಯಿತು. ಹೋದ ವರ್ಷ ನಾನೇ ದುಡ್ಡು ಕಳಿಸಿ, ಮನೆ ಹಳೇದಾಗಿ ಕಾಣುತ್ತೆ ಅಂತ, ಆ ಗೋಡೆಗೆಲ್ಲ ಸಿಮೆಂಟ್ ಮೆತ್ತಿಸಿ ಹಳದಿ ಬಣ್ಣ ಹೊಡೆಸಿದ್ದೆ. ಇಲ್ಲಿ ಗೋಪುರದ ಕಲ್ಲು ಕಾಣಲಿ ಅಂತ ಹಾಗೇ ಬಿಟ್ಟಿದ್ದಾರೆ. ಮಗಳಿಗೆ ಇನ್ನೂ ಗೊತ್ತಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ, ಎಲ್ಲಾದರೂ ಒಂದು ಗೋಡೆ ಉಳಿದಿದೆಯಾ ಅಂತ. 'ಕೊಟ್ಟಿಗೆ ಹಿಂದಿನದು ಹಾಗೇ ಇದೆ ಮಾರಾಯ, ಅದಕ್ಕೆ ದುಡ್ಡು ಸಾಲಲಿಲ್ಲ' ಅಂದರು. ಅದನ್ನು ಮುಟ್ಟಬೇಡಿ ಅಂದೆ. ಏಪ್ರಿಲ್‌ನಲ್ಲಿ ಬರುತ್ತಿದ್ದೇವೆ.