ಶಾಲೆಯ ಗೋಡೆ ಕೆರೆದ ಭಾನುವಾರ

ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ಒಂಬತ್ತು ಜನ ನಮ್ಮ ಬೀದಿಯ ಸರ್ಕಾರಿ ಶಾಲೆಯ ಕಾಂಪೌಂಡ್ ಮುಂದೆ ಬಕೆಟ್ ಹಿಡಿದು ನಿಂತಿದ್ದೆವು. ಗೋಡೆ ಕಾಣುತ್ತಲೇ ಇರಲಿಲ್ಲ. ಟ್ಯೂಷನ್, ಪಿಜಿ, ಮೂಲವ್ಯಾಧಿ ಔಷಧಿ, ಬೋರ್‌ವೆಲ್, ಸಿನಿಮಾ, ಸಾಲ, ಎಲ್ಲದರ ಪೋಸ್ಟರ್‌ಗಳು ಒಂದರ ಮೇಲೊಂದು ಅಂಟಿಕೊಂಡು ರಟ್ಟಿನ ಹಾಗೆ ದಪ್ಪ ಆಗಿಬಿಟ್ಟಿದ್ದವು. ಇದರ ಅಡಿಯಲ್ಲಿ ಮಕ್ಕಳಿಗೋಸ್ಕರ ಬರೆಸಿದ ವರ್ಣಮಾಲೆ ಇತ್ತು. ಚಿತ್ರ ಇದ್ದರೆ ಯಾರೂ ಪೋಸ್ಟರ್ ಹಚ್ಚಲ್ಲ ಅಂತ ನಂಬಿದ್ದೆವು. 2009ರಲ್ಲಿ ಬೆಂಗಳೂರಿನ ಪಾಲಿಕೆಯೂ ಗೋಡೆಗಳ ಮೇಲೆ ಚಿತ್ರ ಬರೆಸಿತ್ತಲ್ವಾ, ಅದನ್ನು ನೋಡಿಯೇ ನಮಗೂ ಈ ಯೋಚನೆ ಬಂದಿದ್ದು.

ಪುಟ್ಟಿ ಹಚ್ಚುವ ಬ್ಲೇಡ್ ತಗೊಂಡು ಕೆರೆಯಲು ಶುರು ಮಾಡಿದೆ. ಕಾಗದ ಬರಲಿಲ್ಲ, ಬಣ್ಣ ಬಂತು. ಬೀದಿ ಗುಡಿಸುತ್ತಾ ಬಂದ ಪೌರಕಾರ್ಮಿಕ ಅಕ್ಕ ಸ್ವಲ್ಪ ಹೊತ್ತು ನೋಡಿ, "ಒಣಗಿದ್ದನ್ನ ಕೆರೀಬೇಡಿ ಸಾರ್, ಗೋಡೆ ಹಾಳಾಗ್ತದೆ. ನೀರು ಹೊಡೆದು ಅರ್ಧ ಗಂಟೆ ಬಿಡಿ" ಅಂದರು. ಮೈದಾ ಅಂಟು ಅದು, ಹುಳ ಹಿಡೀಬಾರದು ಅಂತ ಮೈಲುತುತ್ತ ಬೇರೆ ಕಲಸಿರ್ತಾರೆ, ಕೈ ಉರಿಯುತ್ತೆ ಅಂತ ತಮ್ಮ ಬೆರಳು ತೋರಿಸಿದರು. ಉಗುರಿನ ಸುತ್ತ ಚರ್ಮ ಬಿರಿದಿತ್ತು. ದೊಡ್ಡವರು ಯಾರಾದರೂ ಬರ್ತಾರೆ ಅಂದರೆ ಹಿಂದಿನ ದಿನ ಇವರನ್ನೇ ಗೋಡೆ ಕೆರೆಯಲು ಕಳಿಸುತ್ತಾರಂತೆ, ಗುಡಿಸೋ ಕೆಲಸ ಹಾಗೇ ಇರುತ್ತದೆ, ಅದನ್ನೂ ಮುಗಿಸಬೇಕು. ಆ ಬೆರಳು ನೋಡಿದ ಮೇಲೆ ನನಗೆ ಗೋಡೆಯ ಅಂದಕ್ಕಿಂತ ಈ ವಿಷಯವೇ ಜಾಸ್ತಿ ಕಾಡಿತು. ಹಚ್ಚಿದವರು ಯಾರೋ, ತೆಗೆಯುವವರು ಇವರು.

ಗೋಡೆ ನೆನೆಯುವಷ್ಟರಲ್ಲಿ ಟ್ಯೂಷನ್ ಪೋಸ್ಟರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ಹುಡುಗರ ಕೈಲಿ ಕೊಟ್ಟಿದ್ದೆ ಸಾರ್, ಎಲ್ಲಿ ಹಚ್ಚಿದರೋ ನನಗೆ ಗೊತ್ತಿಲ್ಲ" ಅಂದರು. ಆದರೆ ಕಾನೂನಿನಲ್ಲಿ ಆ ಮಾತಿಗೆ ಜಾಗ ಇಲ್ಲ. ಬಯಲು ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರಲ್ಲೇ ಕಾಯ್ದೆ ಬಂದಿದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ತಾನೇ ಹಚ್ಚಿದರೂ ತಪ್ಪು, ಬೇರೆಯವರ ಕೈಲಿ ಹಚ್ಚಿಸಿದರೂ ತಪ್ಪು. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 1981ರ ಸಾವಿರ ರೂಪಾಯಿ ದೊಡ್ಡದೇ. ಇವತ್ತು ಅದು ಒಬ್ಬ ಹುಡುಗನ ಒಂದು ತಿಂಗಳ ಟ್ಯೂಷನ್ ಫೀಸಿಗೂ ಸಾಲಲ್ಲ.

ಸೋಮವಾರ ರಜೆ ಹಾಕಿ ಪಾಲಿಕೆ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಚೆನ್ನಾಗಿಯೇ ಮಾತಾಡಿದರು. ಫ್ಲೆಕ್ಸ್ ತೆಗೆಸೋದು ಸುಲಭ, ಹಗ್ಗ ಕತ್ತರಿಸಿದರೆ ಆಯ್ತು, ಪೋಸ್ಟರ್ ಕೇಸ್ ನಡೆಸಲು ಜನ ಸಾಲಲ್ಲ ಅಂದರು. ಅದು ನಿಜವೂ ಇರಬಹುದು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸ್‌ಗಳು ಸರಸರ ಇಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಪೋಸ್ಟರನ್ನು ಮಾತ್ರ ಯಾರೂ ಅಷ್ಟು ಗಂಭೀರವಾಗಿ ತಗೊಳ್ಳಲ್ಲ, ಸಣ್ಣದು ಅಂತ. ಆದರೆ ಫೋನ್ ನಂಬರ್ ತಾನೇ ಬರೆದಿಟ್ಟು ಹೋಗುವ ತಪ್ಪಿತಸ್ಥ ಬೇರೆ ಯಾವ ಕೇಸಿನಲ್ಲಿ ಸಿಗುತ್ತಾನೆ ಹೇಳಿ?

ನಾನು ಕೇಳಿದ್ದು ಇಷ್ಟೇ. ಪೋಸ್ಟರಿನಲ್ಲಿರುವ ನಂಬರಿಗೆ ನೋಟಿಸ್ ಹೋಗಲಿ, ಕೆರೆಯುವ ಖರ್ಚು, ಕೂಲಿ, ಬಣ್ಣ ಸೇರಿಸಿ ಅವರಿಂದಲೇ ವಸೂಲಾಗಲಿ, ಪೌರಕಾರ್ಮಿಕರ ಕೈಲಿ ಈ ಕೆಲಸ ಮಾಡಿಸುವುದು ನಿಲ್ಲಲಿ. ಹದಿನೇಳು ಫೋಟೋ ಲಗತ್ತಿಸಿ ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲ್ ಹಾಕಿಸಿಕೊಂಡು ಬಂದೆ.

ಬುಧವಾರ ಗೋಡೆ ಮೇಲೆ ಮೂರು ಹೊಸ ಪೋಸ್ಟರ್ ಇದ್ದವು, 'ಕ' ಮತ್ತು 'ಖ' ಮೇಲೆಯೇ. ಅಂಟು ಇನ್ನೂ ಹಸಿ ಇತ್ತು, ಸುಲಭವಾಗಿ ಬಂದವು. ಮೂರರ ಫೋಟೋವನ್ನೂ ತೆಗೆದು ಅರ್ಜಿಗೆ ಸೇರಿಸಿದ್ದೇನೆ.